ಕೈಗೆ ಕೌದಿ, ಕಣ್ಣಿಗೆ ಹಕ್ಕಿ

ಎರೆ ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಟ್ಟುವ ಹೊತ್ತಿಗೆ ತುರ್ವಿಹಾಳ, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹಿಂದೆಲ್ಲ ಮನೆಗೊಬ್ಬರು ಹಕ್ಕಿ ಕಾಯಲು ಹೊರಡುತ್ತಿದ್ದರು. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಕಟ್ಟಿದ ಅಟ್ಟ, ತಲೆಯ ಮೇಲೆ ಸೊಪ್ಪೆಯ ನೆರಳು, ಬುತ್ತಿಯಲ್ಲಿ ಕಟಕ ರೊಟ್ಟಿ, ಪುಂಡಿಪಲ್ಯ, ಕೈಯಲ್ಲಿ ಕವಣೆ. ನಸುಕಿನಲ್ಲಿ ಹತ್ತಿದವರು ಇಳಿಯುತ್ತಿದ್ದುದು ಹಕ್ಕಿಗಳು ಗೂಡು ಸೇರಿದ ಮೇಲೆಯೇ. ದುರ್ಬೀನು ಇರಲಿಲ್ಲ, ಹಕ್ಕಿಗಳ ಪುಸ್ತಕವಂತೂ ಇರಲೇ ಇಲ್ಲ. ಆದರೂ ಯಾವ ಹಿಂಡು ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಇಳಿಯುತ್ತದೆ, ಯಾವುದು ತೆನೆಗೆ ಬಂದದ್ದು, ಯಾವುದು ಹುಳಕ್ಕೆ ಬಂದದ್ದು ಎಂಬುದು ಕಾಯುವವರಿಗೆ ಗೊತ್ತಿರಲೇಬೇಕು. ಗಿಳಿ ಕಂಡರೆ ಕೂಗಬೇಕು. ಕಾಜಾಣ ಕಂಡರೆ ಸುಮ್ಮನಿರಬೇಕು. ಕಾಜಾಣದ ಕಡೆ ಕವಣೆ ಬೀಸಿದರೆ ಕಲ್ಲೂ ದಂಡ, ಹುಳ ಹಿಡಿಯುವ ಆಳನ್ನು ಓಡಿಸಿದ ನಷ್ಟವೂ ನಿಮ್ಮದೇ.

ಕವಣೆಯನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಜೋಳದ ಹೊಲದ ಅಂಚಿಗೆ ಬೆಳೆದ ಪುಂಡಿಯ ಎಳೆ ಎಲೆ ಪಲ್ಯಕ್ಕೆ ಹೋಗುತ್ತಿತ್ತು. ಬಲಿತ ಗಿಡಗಳನ್ನು ಕಿತ್ತು, ಕಟ್ಟು ಕಟ್ಟಿ, ನೀರಿನಲ್ಲಿ ಕೊಳೆಹಾಕಿ, ಸುಲಿದು ತೆಗೆದ ನಾರು ಹಗ್ಗಕ್ಕೆ ಬರುತ್ತಿತ್ತು. ಅದೇ ನಾರನ್ನು ಜಡೆಯಂತೆ ಹೆಣೆದು, ನಡುವೆ ಕಲ್ಲು ಕೂರುವಷ್ಟು ಅಗಲ ಮಾಡಿದರೆ ಕವಣೆ ಸಿದ್ಧ. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಮುಷ್ಟಿಗೆ. ತಲೆಯ ಮೇಲೆ ತಿರುಗಿಸಿ ಮುಷ್ಟಿ ಸಡಿಲಿಸಿದರೆ ಕಲ್ಲು ಹಾರುತ್ತದೆ, ಬಿಟ್ಟ ತುದಿ ಚಟ್ಟನೆ ಸಿಡಿಯುತ್ತದೆ. ಕಲ್ಲು ತಗುಲದಿದ್ದರೂ ಆ ಸದ್ದಿಗೇ ಹಿಂಡು ಮೇಲೇಳುತ್ತದೆ.

ಹಕ್ಕಿ ನೋಡುವುದು ಒಂದು ಹವ್ಯಾಸ, ಕೈಕಸುಬು ಇನ್ನೊಂದು ಎಂದು ಈಗ ಬೇರೆ ಮಾಡಿಟ್ಟಿದ್ದೇವೆ. ಈ ಸೀಮೆಯಲ್ಲಿ ಅವೆರಡೂ ಒಂದೇ ಅಟ್ಟದ ಮೇಲಿದ್ದವು. ಈಗಲೂ ಒಂದೇ ಅಂಗಳದಲ್ಲಿ ಕೂರಬಲ್ಲವು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಹಕ್ಕಿ ನೋಡಬೇಕೆನ್ನುವವರು ಮೊದಲು ಕೈಗೊಂದು ಕೆಲಸ ಹಿಡಿಯಬೇಕು, ದುರ್ಬೀನು ಆಮೇಲೆ.

ಅಟ್ಟ ಮರೆಯಾದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸಿಂಧನೂರು ತಾಲ್ಲೂಕಿಗೆ ಬಂತು. ಆಂಧ್ರದ ರೈತರು ಬಂದು ಭೂಮಿ ಹಿಡಿದರು, ಕ್ಯಾಂಪುಗಳು ಎದ್ದವು, ಜೋಳದ ಎರೆ ಭತ್ತದ ಗದ್ದೆಯಾಯಿತು. ಭತ್ತದ ಗದ್ದೆಗೂ ಹಕ್ಕಿ ಬರುತ್ತದೆ, ಆದರೆ ಜೋಳದ ಹೊಲದ ಹಾಗೆ ದಿನವಿಡೀ ಕವಣೆ ಹಿಡಿದು ಕೂರುವ ಕೆಲಸ ಅದಲ್ಲ. ಹಕ್ಕಿಗಳ ಪಟ್ಟಿಯೂ ಬದಲಾಯಿತು. ನೀರು ನಿಂತ ಮಡಿಗಳಿಗೆ ಬೆಳ್ಳಕ್ಕಿ, ಕೊಳದ ಬಕ, ಕೆಂಬರಲುಗಳು ಬಂದವು. ಸಿಂಧನೂರು ನಗರಕ್ಕೆ ಕುಡಿಯುವ ನೀರು ಕೊಡಲು ತುರ್ವಿಹಾಳದ ಬಳಿ ಮಾಡಿದಂಥ ದೊಡ್ಡ ಕೆರೆಗಳು ನೀರುಹಕ್ಕಿಗೂ ನೆಲೆಯಾಗುತ್ತವೆ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಎರೆಯಲ್ಲಿ ಇನ್ನೂ ಜೋಳ, ಕಡಲೆ, ತೊಗರಿ, ಹತ್ತಿ ಇವೆ. ಹಾಗಾಗಿ ಒಂದೇ ದಿನ, ಒಂದೇ ಬಸ್ಸಿನ ದಾರಿಯಲ್ಲಿ ಕೆಸರಿನ ಹಕ್ಕಿಯನ್ನೂ ಒಣಭೂಮಿಯ ಹಕ್ಕಿಯನ್ನೂ ನೋಡಬಹುದಾದ ಸೀಮೆ ಇದು.

ಜೋಳಕ್ಕೆ ಬರುತ್ತಿದ್ದ, ಈಗಲೂ ಬರುವ ಒಬ್ಬ ಅತಿಥಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ತಿಳಿ ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆಯ ಗುಲಾಬಿ ಮೈನಾ. ಮರಿ ಮಾಡುವುದು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ. ಮಳೆಗಾಲದ ಕೊನೆಗೆ ದಖ್ಖನಿಗೆ ಇಳಿದು ಏಪ್ರಿಲ್ ಹೊತ್ತಿಗೆ ಮರಳುತ್ತದೆ. ಸಾವಿರಗಟ್ಟಲೆ ಹಕ್ಕಿಗಳು ಒಂದೇ ಸಲ ಹೊಲಕ್ಕೆ ಬಿದ್ದರೆ ರೈತನ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ತನ್ನ ತವರಿನಲ್ಲಿ ಇದು ಮಿಡತೆಗಳ ಮೃತ್ಯು. ಇಲ್ಲಿಯೂ ಫೆಬ್ರುವರಿ, ಮಾರ್ಚಿನಲ್ಲಿ ಮುತ್ತುಗ, ಬೂರುಗದ ಹೂವಿಗೆ ಮುತ್ತಿ ಮಕರಂದ ಕುಡಿಯುವಾಗ ಪರಾಗ ಹಂಚುತ್ತದೆ. ಕವಣೆ ಹಿಡಿದವನಿಗೆ ಕಳ್ಳನಾಗಿ ಕಂಡ ಹಕ್ಕಿ ಇದು. ಇಷ್ಟು ದೂರದಿಂದ ಬಂದದ್ದು ಎಂದು ತಿಳಿದಿದ್ದರೂ ಅವನೇನೂ ಸುಮ್ಮನಿರುತ್ತಿರಲಿಲ್ಲ ಅನ್ನಿ.

ಇನ್ನು ಅಂಗಳದ ಮಾತು. ಹಕ್ಕಿ ನೋಡಲು ಹೊಸದಾಗಿ ಹೊರಟವರು ಮಾಡುವುದು ಒಂದೇ: ಹಕ್ಕಿ ಕಂಡೊಡನೆ ಅದನ್ನೇ ದಿಟ್ಟಿಸಿ, ಅದರತ್ತಲೇ ನಡೆಯುವುದು. ಹಕ್ಕಿಯ ಲೆಕ್ಕದಲ್ಲಿ ಹೀಗೆ ಮಾಡುವುದು ಬೆಕ್ಕು. 2008ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್‌ನ ಸಂಶೋಧಕರು ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸ್ಟಾರ್ಲಿಂಗ್ ಎಂದರೆ ನಮ್ಮ ಗೊರವಂಕದ ಬಳಗವೇ. ಕಾಳಿನ ಬಟ್ಟಲ ಬಳಿ ಮನುಷ್ಯ ಇದ್ದಾಗ, ಅವನ ಕಣ್ಣು ಬಟ್ಟಲ ಮೇಲಿದ್ದರೆ ಹಕ್ಕಿ ಬರಲು ತಡಮಾಡುತ್ತಿತ್ತು. ಕಣ್ಣು ಬೇರೆ ಕಡೆ ಇದ್ದರೆ ಬೇಗ ಬಂದು ಹೆಚ್ಚು ತಿನ್ನುತ್ತಿತ್ತು. ಮೈ ಅದೇ, ದೂರ ಅದೇ. ಬದಲಾದದ್ದು ನೋಟ ಮಾತ್ರ.

ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತ ಹೆಂಗಸನ್ನು ನೆನೆಸಿಕೊಳ್ಳಿ. ಕಣ್ಣು ತೊಡೆಯ ಮೇಲಿನ ಬಟ್ಟೆಯಲ್ಲಿ. ಕೈ ಆಡುತ್ತದೆ, ಆದರೆ ಒಂದೇ ಲಯದಲ್ಲಿ, ಗೇಣುದ್ದದ ಜಾಗದಲ್ಲಿ. ಏಳುವುದಿಲ್ಲ, ಧಡಕ್ಕನೆ ತಿರುಗುವುದಿಲ್ಲ. ಅರ್ಧ ತಾಸಿನೊಳಗೆ ಹಿತ್ತಲಿನ ಹಕ್ಕಿಗಳು ಆಕೆಯನ್ನು ಮನೆಯ ಗೋಡೆಯ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ದಾರ ಪೋಣಿಸಲು ತಲೆ ಎತ್ತಿದಾಗ ಎರಡು ಮಾರು ದೂರದಲ್ಲಿ ಗುಬ್ಬಿ ಧೂಳುಸ್ನಾನ ಮಾಡುತ್ತಿರುತ್ತದೆ, ಹರಟೆಮಲ್ಲಗಳು ಬೇವಿನ ಬುಡದ ತರಗೆಲೆ ಕೆದರುತ್ತಾ ಜಗಳಾಡುತ್ತಿರುತ್ತವೆ, ದಾಸವಾಳಕ್ಕೆ ಸೂರಕ್ಕಿ ಬಂದಿರುತ್ತದೆ. ವನ್ಯಜೀವಿ ಛಾಯಾಗ್ರಾಹಕರು ಹಸಿರು ಬಲೆ ಹೊದ್ದು ಮರೆ ಕಟ್ಟಿಕೊಂಡು ಪಡೆಯುವುದನ್ನು ಆಕೆ ಸೂಜಿ ದಾರದಲ್ಲಿ ಪಡೆಯುತ್ತಾಳೆ.

ಕೌದಿಯ ಕೆಲಸವೇ ಹಾಗೆ ದೀರ್ಘವಾದದ್ದು. ಹಳೆಯ ಸೀರೆ ಮೇಲೆ ಕೆಳಗೆ, ನಡುವೆ ಮೆತ್ತಗಾದ ಧೋತರ, ತುಂಡು ಬಟ್ಟೆಗಳ ಪದರ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಓಡುಹೊಲಿಗೆ ಹಾಕುತ್ತಾ ಬರಬೇಕು. ನಡುವೆ ಸುಕ್ಕು ಸಿಕ್ಕಿಕೊಂಡರೆ ಬಿಚ್ಚಲೇಬೇಕು. ಹೊಲಿಗೆ ಒತ್ತೊತ್ತಾಗಿ ಬಿದ್ದಷ್ಟೂ ಕೌದಿ ಬಾಳುತ್ತದೆ. ಬಾಣಂತಿಗೆ, ತೊಟ್ಟಿಲಿಗೆ, ಮದುವೆಯಾಗಿ ಹೋಗುವ ಮಗಳ ಗಂಟಿಗೆ ಒಂದೊಂದು ಅಳತೆ. ಇದು ನಮ್ಮಲ್ಲಿ ಮಾತ್ರ ಇರುವ ವಿದ್ಯೆಯಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗೆ ನಾಲ್ಕು ಮೂಲೆಯಲ್ಲಿ ಮಡಚಿದ ತ್ರಿಕೋನದ ಬಟ್ಟೆ ಬೀಳಲೇಬೇಕು. ಅದನ್ನವರು ಫೂಲ ಎನ್ನುತ್ತಾರೆ, ಅದಿಲ್ಲದೆ ಕೌದಿ ಮುಗಿದಂತೆಯೇ ಅಲ್ಲ. ಬಂಗಾಳದ ಕಾಂತಾ ಹೊಲಿಗೆಯೂ ಹಳೆಯ ಸೀರೆಯ ಪದರಗಳ ಮೇಲಿನ ಓಡುಹೊಲಿಗೆಯೇ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿ ದಶಕಗಳೇ ಆದವು. ಕೌದಿಯ ನಾಡು, ಕಾಂತಾದ ನಾಡಿನ ಮಕ್ಕಳು ಒಂದೇ ತಾಲ್ಲೂಕಿನಲ್ಲಿದ್ದಾರೆ ಎಂಬುದನ್ನು ನಾವು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ.

ಆ ಕೌದಿಯ ಕಟ್ಟೆಯಿಂದ ನೋಡಲೇಬೇಕಾದ ಎರಡು ಹಕ್ಕಿಗಳಿವೆ. ಎರಡೂ ಕಸುಬುದಾರರು.

ಮೊದಲನೆಯದು ಸಿಂಪಿಗ. ಟುವ್ವಿ ಹಕ್ಕಿ ಎಂದೂ ಕರೆಯುತ್ತಾರೆ. ಹೆಬ್ಬೆರಳಿಗಿಂತ ತುಸು ದೊಡ್ಡ ಮೈಯಿಂದ ಇಡೀ ಹಿತ್ತಲಿಗೆ ಕೇಳುವಂತೆ ಟುವ್ವಿ ಟುವ್ವಿ ಎಂದು ಕೂಗುತ್ತದೆ. ಬೆನ್ನು ಪಾಚಿ ಹಸಿರು, ನೆತ್ತಿ ಕಂದುಗೆಂಪು, ಬಾಲ ಸದಾ ನೆಟ್ಟಗೆ. ಹೊಲಿಯುವುದು ಹೆಣ್ಣು. ಅಗಲವಾದ ಒಂದೇ ಎಲೆಯನ್ನು ಮಡಚಿಯೋ, ಎರಡು ಮೂರು ಎಲೆ ಸೇರಿಸಿಯೋ, ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಮಾಡಿ, ಹತ್ತಿಯ ಎಳೆ, ಜೇಡರ ಬಲೆ, ಗಿಡದ ನಾರು ತೂರಿಸುತ್ತದೆ. ಗಂಟು ಹಾಕುವುದಿಲ್ಲ, ಹೊರಬಂದ ಎಳೆಯ ತುದಿ ಬಿಚ್ಚಿ ಹರಡಿಕೊಂಡು ತೂತಿನಿಂದ ವಾಪಸು ಜಾರದಂತೆ ನಿಲ್ಲುತ್ತದೆ. ಹೀಗೆ ಆದ ಎಲೆಯ ಚೀಲದೊಳಗೆ ಮೆತ್ತನೆಯ ಹಾಸು. ಎಲೆ ಗಿಡದಲ್ಲೇ ಹಸಿರಾಗಿ ಇರುವುದರಿಂದ ಗೂಡು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಸಿಂಪಿಗನಿಗೆ ದಾರಕ್ಕೆ ಬರವಿಲ್ಲ. ಕೌದಿ ಹೊಲಿಯುವವರು ಕತ್ತರಿಸಿ ಬಿಸಾಡಿದ ಹತ್ತಿನೂಲಿನ ತುಣುಕುಗಳನ್ನು ಬೇಲಿಯ ಮೇಲೆ ಇಟ್ಟು ನೋಡಬಹುದು. ಬೆರಳುದ್ದಕ್ಕಿಂತ ಉದ್ದ ಬೇಡ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ನೈಲಾನು, ಪ್ಲಾಸ್ಟಿಕ್ಕಿನ ಎಳೆಯಂತೂ ಬೇಡವೇ ಬೇಡ.

ಎರಡನೆಯದು ಗೀಜಗ. ಇದು ಹಿತ್ತಲಿನದಲ್ಲ, ಹಳ್ಳದ, ಕಾಲುವೆ ದಂಡೆಯ ಹಕ್ಕಿ; ಆದರೆ ತುರ್ವಿಹಾಳದಂಥ ಊರಲ್ಲಿ ಹಿತ್ತಲು ದಾಟಿದರೆ ಕಾಲುವೆಯೇ. ಜಾಲಿ, ಈಚಲು, ಬಾವಿಯ ಮೇಲೆ ಬಾಗಿದ ಮರ, ಕೆಲವೊಮ್ಮೆ ಕರೆಂಟಿನ ತಂತಿ. ಮುಂಗಾರು ಹಿಡಿದು ಭತ್ತ ನಾಟಿಯಾಗುವ ದಿನಗಳಲ್ಲಿ ಗಂಡು ಹಕ್ಕಿಗೆ ನೆತ್ತಿ ಎದೆ ಹಳದಿಯಾಗುತ್ತದೆ, ಮುಖಕ್ಕೆ ಕಪ್ಪು ಮುಸುಕು ಬರುತ್ತದೆ. ಭತ್ತದ ಗರಿಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಗಾಯ ಮಾಡಿ, ಹಿಡಿದುಕೊಂಡು ಹಾರಿದರೆ ಉದ್ದನೆಯ ಸೀಳು ಕಿತ್ತು ಬರುತ್ತದೆ. ಹೀಗೆ ಒಂದೊಂದೇ ಸೀಳು ತಂದು ನೇಯಬೇಕು. ಒಂದು ಗೂಡು ಮುಗಿಯುವಷ್ಟರಲ್ಲಿ 500ರವರೆಗೆ ಓಡಾಟವಾಗುತ್ತದೆ. ಹಸಿ ಗರಿಯೇ ಆಗಬೇಕು. ಒಣಗಿದ್ದು ಬಾಗುವುದಿಲ್ಲ, ಹಸಿಯಾಗಿ ನೇಯ್ದದ್ದು ಒಣಗುತ್ತಾ ಬಿಗಿಯಾಗುತ್ತದೆ. ಬುಟ್ಟಿ ಹೆಣೆಯುವ ಮೇದಾರರಿಗೆ ಹಸಿ ಬಿದಿರಿನ ಈ ಗುಟ್ಟು ಹೇಳಿಕೊಡಬೇಕಾಗಿಲ್ಲ.

ಗೂಡು ಅರ್ಧವಾಗಿ, ಮಗುಚಿದ ಟೋಪಿಯ ಹಾಗೆ ಇರುವಾಗ ಗಂಡು ಕೆಲಸ ನಿಲ್ಲಿಸಿ ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಕೂತು, ಎಳೆದು, ಜಗ್ಗಿ ನೋಡುತ್ತದೆ. ಒಪ್ಪಿದರೆ ಉಳಿದರ್ಧ, ಉದ್ದನೆಯ ಬಾಗಿಲ ಕೊಳವೆ ಸಮೇತ, ಆಮೇಲೆ. ಒಪ್ಪದಿದ್ದರೆ ಆ ಟೋಪಿ ಹಾಗೇ ತೂಗಾಡುತ್ತಾ ಉಳಿಯುತ್ತದೆ. ಒಂದೇ ಜಾಲಿಯಲ್ಲಿ ಅರೆಬರೆ ಗೂಡು ಅಷ್ಟೊಂದು ಕಾಣುವುದು ಇದಕ್ಕೇ. ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಕೊಂಕಣ ತೀರದ ಕಿಹೀಂನಲ್ಲಿ ಏಣಿ ಹಾಕಿ ಕೂತು ಗೀಜಗದ ಕಾಲೊನಿಯೊಂದನ್ನು ನೋಡಿದ್ದರಿಂದಲೇ ಈ ಸಂಸಾರದ ಗುಟ್ಟು ಹೊರಬಿತ್ತು: ಒಂದು ಗೂಡಿನಲ್ಲಿ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಅಲ್ಲೇ ಪಕ್ಕದಲ್ಲಿ ಮತ್ತೊಂದು ಗೂಡು ಶುರುಮಾಡಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಅಂದಹಾಗೆ, ಗೂಡಿನ ಒಳಗೋಡೆಯಲ್ಲಿ ಅಂಟಿಸಿದ ಹಸಿಮಣ್ಣಿನ ಉಂಡೆಗೆ ಗೀಜಗ ಮಿಂಚುಹುಳ ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಕಥೆ ನಾಡಿನ ತುಂಬ ಇದೆ. ಮಣ್ಣು ನಿಜ, ದೀಪ ಸುಳ್ಳು. ಗಾಳಿಗೆ ಗೂಡು ಹಗುರವಾಗಿ ಹಾರಾಡದಿರಲು ಆ ಭಾರ ಇರಬಹುದು ಎನ್ನುವುದು ಹೆಚ್ಚು ಒಪ್ಪುವ ವಿವರಣೆ.

ಹಕ್ಕಿ ಕಸುಬಿನೊಳಗೂ ಬಂದು ಕೂತಿದೆ. ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳ ಸಾಲಿನಲ್ಲೇ ನವಿಲು, ಗಿಳಿ, ಹಂಸ ಇವೆ. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ ಹೊಲಿಗೆಗೆ ಗಂಟಿಲ್ಲ, ಮೇಲೆ ಕೆಳಗೆ ಒಂದೇ ಚಿತ್ರ. ಎಳೆ ಎಣಿಸಿ ಗಿಳಿ ಬಿಡಿಸಬೇಕಾದರೆ ಗಿಳಿಯ ಮೈಯಲ್ಲಿ ಮುಖ್ಯವಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂದು ಕೈಗೆ ಗೊತ್ತಿರಬೇಕು: ಬಾಗಿದ ಕೊಕ್ಕು, ಉದ್ದ ಬಾಲ, ಅಷ್ಟು ಸಾಕು. ಹಕ್ಕಿ ಗುರುತಿಸುವ ವಿದ್ಯೆಯೂ ಅದೇ. ಬಣ್ಣ ನೋಡುತ್ತಾ ಕೂತವರು ಸೋಲುತ್ತಾರೆ, ಬೆಳಕು ಬದಲಾದರೆ ಬಣ್ಣ ಮೋಸಮಾಡುತ್ತದೆ. ಆಕಾರ, ಬಾಲದ ಉದ್ದ, ಕೊಕ್ಕಿನ ಬಾಗು ಹಿಡಿದವರು ದೂರದಿಂದಲೇ ಹೇಳುತ್ತಾರೆ. ಮಕ್ಕಳಿಗೆ ಹಕ್ಕಿ ಕಲಿಸುವವರು ಚೌಕುಳಿ ಹಾಳೆಯ ಮೇಲೆ ಚೌಕ ಎಣಿಸಿ ಒಂದೊಂದು ಹಕ್ಕಿ ಬಿಡಿಸಲು ಹೇಳಲಿ. ನೋಟ ತಾನಾಗಿ ಚುರುಕಾಗುತ್ತದೆ.

ಈ ಸೀಮೆಗೆ ಗಿಳಿ, ಗೊರವಂಕಗಳ ಹಳೆಯ ನಂಟೊಂದಿದೆ. 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಸಿಕ್ಕ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಕೊರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟಿದ್ದಾನೆ. ಆ ಪಟ್ಟಿ ಶುರುವಾಗುವುದೇ ಶುಕ, ಸಾರಿಕೆಯಿಂದ, ಅಂದರೆ ಗಿಳಿ ಮತ್ತು ಗೊರವಂಕದಿಂದ. ಇವತ್ತಿನ ಕಾನೂನೂ ಅವನ ಪರವಾಗಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಯನ್ನು ಪಂಜರದಲ್ಲಿ ಸಾಕುವುದು ಅಪರಾಧ.

ಗುಬ್ಬಿಯ ಬಗ್ಗೆ ಗೋಳಾಡುವುದು ಒಂದು ಪದ್ಧತಿಯಾಗಿಬಿಟ್ಟಿದೆ. 2010ರಿಂದ ಮಾರ್ಚ್ 20ರಂದು ಗುಬ್ಬಿ ದಿನವೂ ಬಂತು. ಕಾರಣ ಮೊಬೈಲ್ ಟವರು ಎಂದು ಎಲ್ಲರೂ ಹೇಳುತ್ತಾರೆ. ನಾನು ಮೊದಲು ನೋಡುವುದು ಮಾಳಿಗೆಯನ್ನು. ಮಣ್ಣಿನ ಮಾಳಿಗೆ ಮನೆಯಲ್ಲಿ ಜಂತಿ ಮತ್ತು ಗೋಡೆ ಸೇರುವಲ್ಲಿ ಗೇಣಗಲದ ಸಂದು, ಬೆಳಕಿಂಡಿ, ಹಳೆಯ ಫೋಟೊದ ಹಿಂಬದಿ, ಎಲ್ಲವೂ ಗುಬ್ಬಿಗೆ ಮನೆ. ಆರ್‌ಸಿಸಿ ಮನೆಯಲ್ಲಿ ಒಂದು ಸಂದೂ ಇಲ್ಲ. ಎರಡನೆಯದು ಹುಳ. ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಎಳೆ ಮರಿಗೆ ಕೊಡುವುದು ಮೆತ್ತನೆಯ ಹುಳು. ಗದ್ದೆಗೆ ಔಷಧಿ ಹೊಡೆದು ಹುಳುವೇ ಇಲ್ಲದಿದ್ದರೆ ಅಂಗಳಕ್ಕೆ ಎಷ್ಟು ನುಚ್ಚು ಚೆಲ್ಲಿದರೂ ಮರಿ ಉಳಿಯದು.

ಕೈಕೆಲಸ ಬಲ್ಲವರಿಗೆ ಇಲ್ಲಿ ಮಾಡಲು ಬೇಕಾದಷ್ಟಿದೆ. ಸುಗ್ಗಿಯಲ್ಲಿ ಭತ್ತದ ಅಥವಾ ಜೋಳದ ತೆನೆಯನ್ನು ಹುಲ್ಲು ಸಮೇತ ಹೆಣೆದು ಬಾಗಿಲ ಮೇಲೆ ಗೊಂಚಲು ಕಟ್ಟುವ ರೂಢಿ ನಾಡಿನ ಹಲವೆಡೆ ಇದೆ. ಮನೆಗೆ ಅಲಂಕಾರ, ಗುಬ್ಬಿಗೆ ಊಟ. ಗೂಡಿನ ಪೆಟ್ಟಿಗೆ ಮಾಡುವುದಾದರೆ ಹಳೆಯ ಹಲಗೆ ಸಾಕು. ಬಾಗಿಲ ತೂತು ಒಂದೂಕಾಲು ಇಂಚು, ಅದಕ್ಕಿಂತ ದೊಡ್ಡದಾದರೆ ಗೊರವಂಕ ಆಕ್ರಮಿಸುತ್ತದೆ. ಬೆಕ್ಕು ನೆಗೆಯಲಾಗದಷ್ಟು ಎತ್ತರ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು, ತಗಡಿನ ಡಬ್ಬಿಯಲ್ಲಿ ಮರಿ ಬೆಂದೇ ಹೋಗುತ್ತದೆ. ನೀರಿಗೆ ಕುಂಬಾರರ ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ಬಟ್ಟಲೇ ಸರಿ. ಎರಡು ಇಂಚು ನೀರು, ನಡುವೆ ಕಾಲೂರಲು ಒಂದು ಕಲ್ಲು, ದಿನಕ್ಕೊಮ್ಮೆ ತೊಳೆದು ಬದಲಿಸಬೇಕು. ಬೇಸಿಗೆಯಲ್ಲಿ ಕಾಳಿಗಿಂತ ನೀರಿಗೇ ಹೆಚ್ಚು ಹಕ್ಕಿ ಬರುತ್ತವೆ.

ನೋಡಿದ್ದನ್ನು ಬರೆದಿಟ್ಟರೆ ಅದಕ್ಕೆ ಬೆಲೆಯಿದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಹಿತ್ತಲ ಹಕ್ಕಿಗಳ ಎಣಿಕೆ, ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’, 2013ರಿಂದ ಭಾರತದಲ್ಲೂ ನಡೆಯುತ್ತಿದೆ. ಫೆಬ್ರುವರಿಯ ನಾಲ್ಕು ದಿನ, ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ಕೂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಮೊಬೈಲಿನ ‘ಇ-ಬರ್ಡ್’ಗೆ ಹಾಕುವುದು, ಅಷ್ಟೇ. ಕಾಗೆ, ಪಾರಿವಾಳವನ್ನೂ ಬಿಡಬಾರದು. ಇಂಥ ಹವ್ಯಾಸಿಗಳ ಪಟ್ಟಿಗಳೇ ಸೇರಿ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಾಯಿತು: ಸುಮಾರು 30 ಸಾವಿರ ಜನ, 3 ಕೋಟಿ ದಾಖಲೆ, 942 ಜಾತಿಯ ಹಕ್ಕಿಗಳ ಲೆಕ್ಕ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂದು ಎಚ್ಚರಿಸಿದ್ದು ಆ ವರದಿಯೇ. ಎರೆ ಹೊಲದ ಪಕ್ಕದ ತಂತಿಯ ಮೇಲೆ ಮಂಕಾಗಿ ಕೂತಿದ್ದು, ಹಾರಿದೊಡನೆ ರೆಕ್ಕೆಯ ನೀಲಿ ಬಿಚ್ಚುವ ಹಕ್ಕಿ ಅದು. ಮಸ್ಕಿ ರಸ್ತೆಯಲ್ಲಿ ಹೋಗುವವರು ಒಂದೊಂದು ಸಲ ಎಣಿಸಿದರೂ ಲೆಕ್ಕಕ್ಕೆ ಸೇರುತ್ತದೆ. ಹೆಸರು ಬರೆಯುವಾಗ ಪುಸ್ತಕದ ಹೆಸರಿನ ಪಕ್ಕ ಮನೆಯ ಹಿರಿಯರು ಹೇಳುವ ಹೆಸರನ್ನೂ ಬರೆಯಿರಿ. ಅಟ್ಟದ ಮೇಲೆ ಕೂತವರು ಕೊಟ್ಟ ಹೆಸರುಗಳವು, ಬೇರೆಲ್ಲೂ ಸಿಗುವುದಿಲ್ಲ. ಕೆರೆ ಹಕ್ಕಿಗಳ ಹುಚ್ಚು ಹಿಡಿದವರು ಒಂದು ದಿನದ ಪ್ರಯಾಣಕ್ಕೆ ಗದಗಿನ ಮಾಗಡಿ ಕೆರೆಗೋ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರಕ್ಕೋ ಹೋಗಬಹುದು. 2024ರಲ್ಲಿ ಎರಡೂ ರಾಮ್ಸರ್ ಪಟ್ಟಿಗೆ ಸೇರಿವೆ.

ಒಂದು ತಕರಾರು ಹೇಳಿ ಮುಗಿಸುತ್ತೇನೆ. ಗೀಜಗದ ಗೂಡು ಕಿತ್ತು ತಂದು ಪಡಸಾಲೆಯಲ್ಲಿ ನೇತುಹಾಕುವ, ಹೋಟೆಲಿನಲ್ಲಿ ಬಲ್ಬು ಇಟ್ಟು ದೀಪ ಮಾಡುವ ಚಾಳಿ ಹೆಚ್ಚಿದೆ. ‘ಹಕ್ಕಿ ಬಿಟ್ಟುಹೋದ ಗೂಡು, ತಂದರೇನು?’ ಎಂಬುದು ಸಿದ್ಧ ಉತ್ತರ. ಬಿಟ್ಟುಹೋದದ್ದು ಗೀಜಗ ಮಾತ್ರ. ಮಳೆಗಾಲ ಮುಗಿದ ಮೇಲೆ ಆ ಹಳೆಯ ಗೂಡುಗಳಿಗೆ ಬಿಳಿಗತ್ತಿನ ಮುನಿಯ ಹಕ್ಕಿಗಳು ಬರುತ್ತವೆ. ಹೊಸದಾಗಿ ಹುಲ್ಲು ಕೂಡಿಸುವ ಬದಲು ಗೀಜಗದ ಗೂಡಿನಲ್ಲೇ ಮಲಗುತ್ತವೆ, ಎಷ್ಟೋ ಸಲ ಮೊಟ್ಟೆಯನ್ನೂ ಇಡುತ್ತವೆ. ಪಡಸಾಲೆಗೆ ತೂಗುಹಾಕಲು ಏನಾದರೂ ಬೇಕೇ ಬೇಕೆಂದರೆ ಈಚಲ ಗರಿ, ಪುಂಡಿ ನಾರು ಊರಲ್ಲೇ ಸಿಗುತ್ತವೆ. ಹಳೆಯ ಕಟ್ಟೆಯ ಮೇಲೆ ಕೂತು ಅಂಥದ್ದೊಂದು ಗೂಡು ಹೆಣೆಯಲು ನೋಡಿ. ಕೈಬೆರಳು ಹತ್ತಿದ್ದೂ ಆ ಬಾಗಿಲ ಕೊಳವೆಯ ಹೆಣಿಗೆ ಬಿಗಿ ಹಿಡಿಯುವುದು ಕಷ್ಟ.